ಹೊಟ್ಟೆಯ ಮೇಲಿನ ಹೊಸ ದ್ವಾರ: ಕರುಳಿನ ತುರ್ತು ಶಸ್ತ್ರಕ್ರಿಯೆಯ ಅನಂತರದ ಜೀವನಕ್ರಮ

ಉಣ್ಣುವ ವಿಷಯವನ್ನು ಮಾತನಾಡಲು ನಾವಾರೂ ಸಂಕೋಚಪಡುವುದಿಲ್ಲ. ಮದುವೆಯ ಊಟದಲ್ಲಿ ಯಾವ ಪಾಯಸವಿತ್ತು, ಯಾರ ಮನೆಯ ಮಿಡಿ ಉಪ್ಪಿನಕಾಯಿ ಹೆಚ್ಚು ರುಚಿ ಎಂಬುದನ್ನು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆದರೆ ಉಂಡ ಅನ್ನದ ಉಳಿಕೆಯು ಶರೀರವನ್ನು ಬಿಟ್ಟುಹೋಗುವ ಸಂಗತಿಯನ್ನು ಎತ್ತಿದೊಡನೆ ಮುಖ ತಿರುಗಿಸುತ್ತೇವೆ. ಸಭೆಯ ಮರ್ಯಾದೆಗೆ ಇದು ಒಪ್ಪುವಂಥದೇ ಆಗಿರಬಹುದು. ಆರೋಗ್ಯದ ವಿಷಯದಲ್ಲಿ ಮಾತ್ರ ಈ ಮೌನವು ಹಲವು ಸಲ ಅನರ್ಥಕ್ಕೆ ಕಾರಣವಾಗುತ್ತದೆ. ಕರುಳಿನ ತುರ್ತು ಶಸ್ತ್ರಕ್ರಿಯೆಗೆ ಒಳಗಾಗಿ, ಹೊಟ್ಟೆಯ ಮೇಲೆ ಮಾಡಿದ ಹೊಸ ದ್ವಾರವೊಂದರ ಮೂಲಕ ಮಲವಿಸರ್ಜನೆ ಮಾಡಬೇಕಾದವರ ಪಾಡು ಇದಕ್ಕೆ ಉದಾಹರಣೆ. ಈ ದ್ವಾರಕ್ಕೆ ವೈದ್ಯರು ‘ಸ್ಟೋಮಾ’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ‘ಬಾಯಿ’ ಎಂದು ಅರ್ಥ. ಇಂಥವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇದ್ದಾರೆ. ಆದುದರಿಂದ ಈ ವಿಷಯವನ್ನು ಮಕ್ಕಳೂ ಪೋಷಕರೂ ಸರಿಯಾಗಿ ತಿಳಿದಿರುವುದು ಒಳ್ಳೆಯದು.

ಅನ್ನದ ಮಾರ್ಗ

ವಿಜ್ಞಾನದ ಪಾಠದಲ್ಲಿ ನೀವು ಓದಿರುವಂತೆ, ಬಾಯಿಯಿಂದ ಮಲದ್ವಾರದ ವರೆಗಿನ ಅನ್ನಮಾರ್ಗವು ಒಂದೇ ಅಖಂಡವಾದ ನಾಳ. ಜಠರವನ್ನು ದಾಟಿದ ಆಹಾರವು ಸಣ್ಣ ಕರುಳನ್ನು ಸೇರುತ್ತದೆ. ಬೆಳೆದ ಮನುಷ್ಯನಲ್ಲಿ ಇದರ ಉದ್ದ ಸುಮಾರು 6 ಮೀಟರು. ಅನ್ನದ ಸತ್ತ್ವವೆಲ್ಲ ರಕ್ತಕ್ಕೆ ಸೇರುವುದು ಮುಖ್ಯವಾಗಿ ಇಲ್ಲಿಯೇ. ಮುಂದಿನದು ಸುಮಾರು ಒಂದೂವರೆ ಮೀಟರು ಉದ್ದದ ದೊಡ್ಡ ಕರುಳು. ಇದು ಹೆಸರಿಗೆ ದೊಡ್ಡದು. ಉದ್ದದಲ್ಲಲ್ಲ, ಅಗಲದಲ್ಲಿ ಮಾತ್ರ. ನೀರನ್ನೂ ಉಪ್ಪಿನ ಅಂಶವನ್ನೂ ಹೀರಿಕೊಂಡು ಮಲವನ್ನು ಗಟ್ಟಿಗೊಳಿಸುವುದೂ, ವಿಸರ್ಜನೆಯ ಕಾಲದ ವರೆಗೆ ಅದನ್ನು ಕಾದಿರಿಸುವುದೂ ಇದರ ಕೆಲಸ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ತಿಳಿಯುತ್ತದೆ: ದೊಡ್ಡ ಕರುಳಿಲ್ಲದೆಯೂ ಮನುಷ್ಯನು ಬದುಕಬಲ್ಲನು, ಆದರೆ ನೀರು ಮತ್ತು ಉಪ್ಪಿನ ಲೆಕ್ಕವನ್ನು ಆಗ ಅವನೇ ನೋಡಿಕೊಳ್ಳಬೇಕು.

ತುರ್ತು ಶಸ್ತ್ರಕ್ರಿಯೆ ಏಕೆ?

ಈ ನಾಳಕ್ಕೆ ಎರಡು ಬಗೆಯ ಅಪಾಯಗಳು ಒಮ್ಮೆಲೇ ಬಂದೊದಗಬಹುದು. ಒಂದು, ದಾರಿ ಮುಚ್ಚಿಹೋಗುವುದು. ಇನ್ನೊಂದು, ನಾಳವು ತೂತಾಗುವುದು. ಅರ್ಬುದ ರೋಗದ ಗಡ್ಡೆ, ಕರುಳಿನ ಕ್ಷಯ, ಕರುಳು ತನ್ನಷ್ಟಕ್ಕೆ ಹಗ್ಗದಂತೆ ತಿರುಚಿಕೊಳ್ಳುವುದು ಮೊದಲಾದುವುಗಳಿಂದ ದಾರಿ ಮುಚ್ಚುತ್ತದೆ. ವಿಷಮಶೀತ ಜ್ವರದ ಹುಣ್ಣು ಒಡೆಯುವುದರಿಂದ, ದೊಡ್ಡ ಕರುಳಿನ ಭಿತ್ತಿಯಲ್ಲಿ ಉಂಟಾದ ಸಣ್ಣ ಚೀಲಗಳು ಬಾತು ಸಿಡಿಯುವುದರಿಂದ, ವಾಹನದ ಅಪಘಾತದಿಂದ, ಮರದಿಂದ ಬೀಳುವುದರಿಂದ ತೂತು ಬೀಳಬಹುದು. ತೂತಾದಾಗ ಕರುಳಿನೊಳಗಿನ ಕಶ್ಮಲವು ಹೊಟ್ಟೆಯ ಪೊಳ್ಳಿನೊಳಗೆ ಹರಡಿ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯವನ್ನು ತಂದೊಡ್ಡುತ್ತದೆ.

ಪೋಷಕರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಹೊಟ್ಟೆ ಉಬ್ಬಿ ಬಿಗಿಯುವುದು, ಮಲವೂ ವಾಯುವೂ ಎರಡೂ ನಿಂತುಹೋಗುವುದು, ಮೇಲಿಂದ ಮೇಲೆ ವಾಂತಿಯಾಗುವುದು, ತಡೆಯಲಾರದ ನೋವು, ಮುಟ್ಟಿದರೆ ಹಲಗೆಯಂತೆ ಗಟ್ಟಿಯಾದ ಹೊಟ್ಟೆ: ಇವು ತುರ್ತಿನ ಲಕ್ಷಣಗಳು. ‘ಹೊಟ್ಟೆ ಕಟ್ಟಿದೆ, ಸ್ವಲ್ಪ ಹರಳೆಣ್ಣೆ ಕೊಟ್ಟು ನೋಡೋಣ’ ಎಂದು ಭೇದಿಯ ಔಷಧವನ್ನು ಕೊಡಕೂಡದು. ಮುಚ್ಚಿದ ಅಥವಾ ತೂತಾದ ಕರುಳನ್ನು ಔಷಧದಿಂದ ಬಲಾತ್ಕಾರವಾಗಿ ದುಡಿಸಿದರೆ ಅಪಾಯವು ಇಮ್ಮಡಿಯಾಗುತ್ತದೆ. ರಾತ್ರಿಯಾದರೂ ಸರಿ, ಒಡನೆಯೇ ಶಸ್ತ್ರಕ್ರಿಯೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಹೋಗತಕ್ಕದ್ದು.

ಕೆಟ್ಟ ಭಾಗವನ್ನು ಕತ್ತರಿಸಿ, ಉಳಿದ ಎರಡು ತುದಿಗಳನ್ನು ಅಲ್ಲಿಯೇ ಹೊಲಿದುಬಿಡಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಸ್ಥಿತಿ ಅನುಕೂಲವಾಗಿದ್ದರೆ ವೈದ್ಯರು ಹಾಗೆಯೇ ಮಾಡುತ್ತಾರೆ. ಆದರೆ ಕೀವು ತುಂಬಿ, ಕರುಳು ಬಾತು, ರೋಗಿಯ ರಕ್ತದೊತ್ತಡ ಕುಸಿದಿರುವ ಸಮಯದಲ್ಲಿ ಹಾಕಿದ ಹೊಲಿಗೆ ಹಿಡಿಯದೆ ಬಿಟ್ಟುಕೊಂಡರೆ ಎರಡನೆಯ ಸಲ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಆದುದರಿಂದ ಕರುಳಿನ ಮೇಲಿನ ತುದಿಯನ್ನು ಹೊಟ್ಟೆಯ ಚರ್ಮದ ಮೂಲಕ ಹೊರಕ್ಕೆ ತಂದು, ಅಂಚನ್ನು ಮಡಚಿ ಚರ್ಮಕ್ಕೆ ಹೊಲಿಯುತ್ತಾರೆ. ದೊಡ್ಡ ಕರುಳಿನ ಕೊನೆಯ ಭಾಗವನ್ನು ತೆಗೆದು, ಕೆಳಗಿನ ತುದಿಯನ್ನು ಮುಚ್ಚಿ, ಮೇಲಿನ ತುದಿಯನ್ನು ಹೊರಗೆ ತರುವ ಕ್ರಮವನ್ನು ಫ್ರಾನ್ಸಿನ ಶಸ್ತ್ರವೈದ್ಯ ಆಂರಿ ಹಾರ್ಟ್‌ಮನ್ 1921ರಲ್ಲಿ ವಿವರಿಸಿದನು. ಇಂದಿಗೂ ತುರ್ತು ಸಂದರ್ಭಗಳಲ್ಲಿ ಈ ಶಸ್ತ್ರಕ್ರಿಯೆ ಅವನ ಹೆಸರಿನಿಂದಲೇ ನಡೆಯುತ್ತಿದೆ.

ಈ ವಿದ್ಯೆಯ ಹಿನ್ನೆಲೆ

ಈ ವಿದ್ಯೆ ಒಂದು ದಿನದಲ್ಲಿ ಸಿದ್ಧಿಸಿದುದಲ್ಲ. 1710ರಲ್ಲಿ ಫ್ರಾನ್ಸಿನ ಅಲೆಕ್ಸಿ ಲಿತ್ರೆ ಎಂಬ ವೈದ್ಯನು, ಮಲದ್ವಾರದ ದಾರಿ ಬೆಳೆಯದೆ ಹುಟ್ಟಿ ತೀರಿಹೋದ ಶಿಶುವೊಂದನ್ನು ಪರೀಕ್ಷಿಸಿ, ಇಂಥ ಕೂಸುಗಳ ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದರೆ ಬದುಕಿಸಬಹುದೆಂದು ಸೂಚಿಸಿದನು. 1793ರಲ್ಲಿ ಬ್ರೆಸ್ಟ್ ಪಟ್ಟಣದ ಡ್ಯುರೆ ಎಂಬ ಶಸ್ತ್ರವೈದ್ಯನು ಅದೇ ತೆರನ ಶಿಶುವಿಗೆ ಹೀಗೆ ಮಾಡಿದನು. ಅರಿವಳಿಕೆಯೂ ಇಲ್ಲದ ಆ ಕಾಲದಲ್ಲಿ ಆ ಮಗು ಬದುಕಿ, 45 ವರ್ಷ ಬಾಳಿತು. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್, ಸಣ್ಣ ಕರುಳಿನ ತುದಿಯನ್ನು ಅಂಗಿಯ ತೋಳಿನಂತೆ ಮಡಚಿ, ಮೊಗ್ಗಿನಂತೆ ಹೊರಚಾಚಿ ನಿಲ್ಲಿಸುವ ಕ್ರಮವನ್ನು ಪ್ರಕಟಿಸಿದನು. ಇದರಿಂದ ಹೊರಬರುವ ದ್ರವವು ಚರ್ಮಕ್ಕೆ ತಗಲದೆ ನೇರವಾಗಿ ಚೀಲಕ್ಕೆ ಬೀಳುವಂತಾಯಿತು.

ಚೀಲದ ಕಥೆಯೂ ತಿಳಿಯತಕ್ಕದ್ದೇ. ಡೆನ್ಮಾರ್ಕಿನ ದಾದಿ ಎಲಿಸೆ ಸೊರೆನ್‌ಸೆನ್ ಎಂಬಾಕೆಯ ಸಹೋದರಿಗೆ ಈ ಶಸ್ತ್ರಕ್ರಿಯೆಯಾಗಿತ್ತು. ಎಲ್ಲಿ ಸೋರಿ ಅವಮಾನವಾಗುವುದೋ ಎಂಬ ಭಯದಿಂದ ಆಕೆ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದಳು. ಸಹೋದರಿಯ ಈ ಸಂಕಟವನ್ನು ಕಂಡು ಎಲಿಸೆಯು 1954ರಲ್ಲಿ, ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಎಸೆಯಬಹುದಾದ ಪ್ಲಾಸ್ಟಿಕ್ ಚೀಲವನ್ನು ಯೋಚಿಸಿದಳು. ಇಂದು ಔಷಧದಂಗಡಿಯಲ್ಲಿ ದೊರೆಯುವ ಚೀಲಗಳೆಲ್ಲ ಆ ಯೋಚನೆಯ ಸಂತತಿಯೇ. ದೊಡ್ಡ ಯಂತ್ರಾಗಾರದಲ್ಲಿ ಅಲ್ಲ, ಒಂದು ಮನೆಯ ಕರುಣೆಯಲ್ಲಿ ಈ ಉಪಕರಣವು ಹುಟ್ಟಿತೆಂಬುದು ಸ್ಮರಣೀಯ.

ದ್ವಾರದ ಸ್ವರೂಪ

ಸ್ಟೋಮಾದಲ್ಲಿ ಮುಖ್ಯವಾಗಿ ಎರಡು ವಿಧ. ದೊಡ್ಡ ಕರುಳಿನಿಂದ ಮಾಡಿದುದು ಕೊಲೊಸ್ಟಮಿ. ಇದು ಬಹುಮಟ್ಟಿಗೆ ಹೊಟ್ಟೆಯ ಎಡ ಕೆಳಭಾಗದಲ್ಲಿರುತ್ತದೆ. ಮಲವು ಮೆತ್ತಗೆ ಅಥವಾ ಗಟ್ಟಿಯಾಗಿ ಬರುತ್ತದೆ. ಸಣ್ಣ ಕರುಳಿನ ಕೊನೆಯಿಂದ ಮಾಡಿದುದು ಇಲಿಯಾಸ್ಟಮಿ. ಇದು ಸಾಮಾನ್ಯವಾಗಿ ಬಲ ಕೆಳಭಾಗದಲ್ಲಿರುತ್ತದೆ. ಹೊರಬರುವುದು ಗಂಜಿಯಂತೆ ತೆಳ್ಳಗಿದ್ದು, ಹಗಲಿರುಳೂ ಸ್ವಲ್ಪ ಸ್ವಲ್ಪವಾಗಿ ಬರುತ್ತಿರುತ್ತದೆ. ತನ್ನದು ಇವೆರಡರಲ್ಲಿ ಯಾವುದು ಎಂಬುದನ್ನು ರೋಗಿಯೂ ಮನೆಯವರೂ ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಬೇಕು. ಆಹಾರ ಔಷಧಗಳ ನಿಯಮವೆಲ್ಲ ಇದನ್ನೇ ಅವಲಂಬಿಸಿದೆ.

ಮೊದಲ ಸಲ ಕಂಡಾಗ ಸ್ಟೋಮಾವು ಹಸಿಗಾಯದಂತೆ ತೋರಿ ಭಯ ಹುಟ್ಟಿಸುತ್ತದೆ. ಅದು ಗಾಯವಲ್ಲ. ನಮ್ಮ ಕೆನ್ನೆಯ ಒಳಗಿನ ಚರ್ಮದಂತೆ ಕೆಂಪಾಗಿ ತೇವವಾಗಿರುವುದೇ ಅದರ ಆರೋಗ್ಯದ ಗುರುತು. ಮುಟ್ಟಿದರೆ ನೋವಾಗುವ ನರಗಳು ಅಲ್ಲಿಲ್ಲ. ಒರಸುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿಪಡಬೇಕಾಗಿಲ್ಲ. ಮೊದಲ ಆರೆಂಟು ವಾರಗಳಲ್ಲಿ ಬಾವು ಇಳಿದು ಅದು ಚಿಕ್ಕದಾಗುತ್ತ ಬರುತ್ತದೆ. ಅಲ್ಲಿ ಬಿಗಿಹಿಡಿಯುವ ಸ್ನಾಯುವಿಲ್ಲದ ಕಾರಣ ಮಲವಾಯುಗಳನ್ನು ಇಚ್ಛೆಯಂತೆ ತಡೆಯಲಾಗುವುದಿಲ್ಲ. ಆದುದರಿಂದಲೇ ಚೀಲದ ಅವಶ್ಯಕತೆ. ಮಲಾಶಯವು ಒಳಗೆ ಉಳಿದಿದ್ದರೆ ಹಳೆಯ ದ್ವಾರದಿಂದ ಆಗಾಗ ಲೋಳೆ ಬರುವುದುಂಟು, ಇದೂ ಸಹಜವೇ.

ಚೀಲದ ಆರೈಕೆ

ಹಲ್ಲುಜ್ಜುವಂತೆ ಇದೂ ಅಭ್ಯಾಸದ ಕೆಲಸ. ಚೀಲದ ಮೂರನೆಯ ಒಂದು ಭಾಗ ತುಂಬಿದೊಡನೆ ಶೌಚಗೃಹದಲ್ಲಿ ಬರಿದು ಮಾಡಬೇಕು. ಪೂರ್ತಿ ತುಂಬಲು ಬಿಟ್ಟರೆ ಭಾರಕ್ಕೆ ಅಂಟು ಬಿಡುತ್ತದೆ. ಅಂಟಿನ ಫಲಕವನ್ನು ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಿಗೊಮ್ಮೆ ಬದಲಿಸಿದರೆ ಸಾಕು. ಸೋರಿದರೆ ಮಾತ್ರ ತತ್‌ಕ್ಷಣ ಬದಲಿಸತಕ್ಕದ್ದು. ಬೆಳಗ್ಗೆ ಏನನ್ನೂ ತಿನ್ನುವ ಮೊದಲು ಸ್ರಾವವು ಕಡಿಮೆಯಿರುವುದರಿಂದ ಅದೇ ಪ್ರಶಸ್ತವಾದ ಸಮಯ. ಹಳೆಯದನ್ನು ಮೆಲ್ಲನೆ, ಚರ್ಮವನ್ನು ಒತ್ತಿ ಹಿಡಿದುಕೊಂಡು ಬಿಡಿಸಬೇಕು. ಸುತ್ತಣ ಚರ್ಮವನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒತ್ತಿ ಒರಸಿ, ಪೂರ್ಣವಾಗಿ ಒಣಗಿಸಬೇಕು. ಎಣ್ಣೆ, ಪೌಡರು, ಡೆಟ್ಟಾಲು ಹಚ್ಚಕೂಡದು. ಎಣ್ಣೆಯಿದ್ದಲ್ಲಿ ಅಂಟು ಹಿಡಿಯುವುದಿಲ್ಲ, ಡೆಟ್ಟಾಲಿನಿಂದ ಚರ್ಮ ಸುಡುತ್ತದೆ. ಸ್ಟೋಮಾವನ್ನು ಅಳತೆ ಮಾಡಿ, ಅದಕ್ಕಿಂತ 2-3 ಮಿಲಿಮೀಟರು ಮಾತ್ರ ದೊಡ್ಡದಾಗಿ ಫಲಕದ ರಂಧ್ರವನ್ನು ಕತ್ತರಿಸಬೇಕು. ರಂಧ್ರ ದೊಡ್ಡದಾದರೆ ನಡುವೆ ತೆರೆದ ಚರ್ಮವು ಜೀರ್ಣರಸದಿಂದ ಹುಣ್ಣಾಗುತ್ತದೆ. ಚರ್ಮದ ತೊಂದರೆಗಳಲ್ಲಿ ಬಹುಪಾಲು ಈ ಅಳತೆಯ ತಪ್ಪಿನಿಂದಲೂ ಸೋರಿಕೆಯಿಂದಲೂ ಆಗುವಂಥವು. ಬಳಸಿದ ಚೀಲವನ್ನು ಬರಿದು ಮಾಡಿ, ತೊಳೆದು, ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಬೇಕೇ ಹೊರತು ಶೌಚದ ಗುಂಡಿಗೆ ಹಾಕಕೂಡದು.

ನಮ್ಮ ಅಡುಗೆಮನೆ

ಮೊದಲ ಆರೆಂಟು ವಾರಗಳಲ್ಲಿ ಮೆತ್ತಗಿನ, ನಾರು ಕಡಿಮೆಯಿರುವ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತೆಗೆದುಕೊಳ್ಳುವುದು ಹಿತ. ಚೆನ್ನಾಗಿ ಅಗಿಯುವುದು ಎಲ್ಲಕ್ಕಿಂತ ದೊಡ್ಡ ನಿಯಮ. ಇಲಿಯಾಸ್ಟಮಿ ಆದವರಿಗೆ ನಮ್ಮ ಕಾಸರಗೋಡು ಸೀಮೆಯ ಅಡುಗೆಯಲ್ಲಿ ಒಂದು ಕಷ್ಟವೂ ಒಂದು ಸುಖವೂ ಇದೆ. ಕಷ್ಟವೆಂದರೆ ತೆಂಗಿನಕಾಯಿ. ತೆಂಗಿನ ತುರಿಯ ನಾರು ಜೀರ್ಣವಾಗದೆ ದ್ವಾರದ ಹತ್ತಿರ ಗಂಟುಕಟ್ಟಿ ದಾರಿಯನ್ನು ಮುಚ್ಚುವ ಸಂಭವವಿದೆ. ಒಣ ಕೊಬ್ಬರಿ, ಹಲಸಿನ ತೊಳೆ, ಬಾಳೆದಿಂಡು, ನುಗ್ಗೆಕಾಯಿ, ಜೋಳದ ಕಾಳು, ಅಣಬೆ, ಕಡಲೆಬೀಜ ಇವುಗಳದೂ ಇದೇ ದೋಷ. ಇವುಗಳನ್ನು ಆರಂಭದಲ್ಲಿ ವರ್ಜಿಸಿ, ಮುಂದೆ ವೈದ್ಯರ ಅನುಮತಿಯಿಂದ ಒಂದೊಂದಾಗಿ, ಸ್ವಲ್ಪವೇ ತಿಂದು ಪರೀಕ್ಷಿಸಬೇಕು. ಸಾರು ಪಲ್ಯಗಳಿಗೆ ತುರಿಯ ಬದಲು ಅರೆದು ಸೋಸಿದ ಕಾಯಿಹಾಲನ್ನು ಉಪಯೋಗಿಸಿದರೆ ರುಚಿಯೂ ಉಳಿಯುತ್ತದೆ.

ಸುಖವೆಂದರೆ ಗಂಜಿ. ದೊಡ್ಡ ಕರುಳಿನ ಸಹಾಯ ತಪ್ಪಿದವನಿಗೆ ನೀರಿನೊಂದಿಗೆ ಉಪ್ಪೂ ನಷ್ಟವಾಗುತ್ತದೆ. ಹೊಂದಿಕೊಂಡ ಇಲಿಯಾಸ್ಟಮಿಯಿಂದ ದಿನಕ್ಕೆ ಸುಮಾರು 500 ರಿಂದ 800 ಮಿಲಿಲೀಟರು ಹೊರಬರುತ್ತದೆ. ಅದು ಒಂದೂವರೆ ಲೀಟರನ್ನು ಮೀರಿದರೆ ಬಾಯಾರಿಕೆ, ತಲೆಸುತ್ತು, ಮೂತ್ರ ಕಡಿಮೆಯಾಗುವುದು, ಕಾಲಿನ ಸ್ನಾಯು ಸೆಳೆತ ಆರಂಭವಾಗುತ್ತವೆ. ಆಗ ಬರಿಯ ನೀರನ್ನೇ ಬಹಳವಾಗಿ ಕುಡಿದರೆ ಸ್ರಾವವು ಹೆಚ್ಚುತ್ತದೆಯೇ ವಿನಾ ದಾಹ ತಣಿಯುವುದಿಲ್ಲ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಓ.ಆರ್.ಎಸ್. ಪುಡಿಯ ಒಂದು ದೊಡ್ಡ ಪೊಟ್ಟಣವನ್ನು ಕರಗಿಸಿ ಗುಟುಕು ಗುಟುಕಾಗಿ ಕುಡಿಯಬೇಕು, ವೈದ್ಯರನ್ನೂ ಕಾಣಬೇಕು. ನಿತ್ಯದ ಉಪಾಯಕ್ಕೆ ಉಪ್ಪು ಬೆರೆಸಿದ ಕುಚ್ಚಲಕ್ಕಿ ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಉತ್ತಮ. ಚೆನ್ನಾಗಿ ಬೆಂದ ಅನ್ನ, ಬಾಳೆಹಣ್ಣು ಇವು ಸ್ರಾವವನ್ನು ಗಟ್ಟಿಗೊಳಿಸುತ್ತವೆ. ರಕ್ತದೊತ್ತಡ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದವರು ಉಪ್ಪಿನ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು.

ಕೊಲೊಸ್ಟಮಿ ಆದವರಿಗೆ ಇಷ್ಟು ಕಟ್ಟುಪಾಡಿಲ್ಲ. ಗಾಯ ಮಾಗಿದ ಮೇಲೆ ಅವರು ಕ್ರಮೇಣ ಮನೆಯ ಊಟವನ್ನೇ ಉಣ್ಣಬಹುದು. ಮಲಬದ್ಧತೆ ಆಗದಂತೆ ಸೊಪ್ಪು ತರಕಾರಿ ನೀರು ಸಾಕಷ್ಟಿರಬೇಕು. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಮೀನು, ಎಲೆಕೋಸು ವಾಸನೆಯನ್ನೂ ವಾಯುವನ್ನೂ ಹೆಚ್ಚಿಸಬಹುದು. ಮತ್ತೊಂದು ಎಚ್ಚರಿಕೆ: ನಿಧಾನವಾಗಿ ಕರಗುವಂತೆ ಮಾಡಿದ ಕೆಲವು ಮಾತ್ರೆಗಳು ಇಲಿಯಾಸ್ಟಮಿಯಲ್ಲಿ ಕರಗದೆ ಹಾಗೆಯೇ ಚೀಲಕ್ಕೆ ಬೀಳುತ್ತವೆ. ಆದುದರಿಂದ ಯಾವ ವೈದ್ಯರ ಬಳಿಗೆ ಹೋದರೂ ತನಗೆ ಸ್ಟೋಮಾ ಇದೆಯೆಂದು ಮೊದಲೇ ಹೇಳತಕ್ಕದ್ದು.

ನಿತ್ಯಜೀವನ

ಸ್ನಾನಕ್ಕೆ ಅಡ್ಡಿಯಿಲ್ಲ; ಚೀಲದೊಂದಿಗೂ ಮಾಡಬಹುದು, ತೆಗೆದೂ ಮಾಡಬಹುದು. ಮುಂಡು ಅಥವಾ ಸೀರೆಯ ಗಂಟು ದ್ವಾರದ ಮೇಲೆ ಬೀಳದಂತೆ ಸ್ವಲ್ಪ ಮೇಲೆ ಇಲ್ಲವೆ ಕೆಳಗೆ ಕಟ್ಟಬೇಕು. ಮೊದಲ ಮೂರು ತಿಂಗಳು ತುಂಬಿದ ಕೊಡ, ಅಡಿಕೆಯ ಗೋಣಿ, ಗೊಬ್ಬರದ ಬುಟ್ಟಿ ಮೊದಲಾದ ಭಾರವನ್ನು ಎತ್ತಕೂಡದು. ಹೊಟ್ಟೆಯ ಭಿತ್ತಿ ಸಡಿಲಾಗಿ ದ್ವಾರದ ಪಕ್ಕದಲ್ಲಿ ಕರುಳು ಉಬ್ಬಿಕೊಳ್ಳುವ ಭಯವಿದೆ. ಆ ಬಳಿಕ ವೈದ್ಯರನ್ನು ಕೇಳಿ ಕೆಲಸಕ್ಕೆ ತೊಡಗಬಹುದು. ಪ್ರಯಾಣ, ಉದ್ಯೋಗ, ದಾಂಪತ್ಯ, ಸಂತಾನ ಯಾವುದಕ್ಕೂ ಸ್ಟೋಮಾವು ತಾನಾಗಿ ತಡೆಯಲ್ಲ. ಅಮೆರಿಕದ ಫುಟ್‌ಬಾಲ್ ಆಟಗಾರ ರೋಲ್ಫ್ ಬೆನಿರ್ಶ್ಕೆ 1979ರಲ್ಲಿ ಕರುಳಿನ ಶಸ್ತ್ರಕ್ರಿಯೆಯಾಗಿ ಚೀಲವನ್ನು ಧರಿಸಬೇಕಾಯಿತು. ಅವನು 1980ರಲ್ಲಿ ಮತ್ತೆ ಮೈದಾನಕ್ಕೆ ಇಳಿದು, 1986ರ ವರೆಗೂ ಆಡಿದನು.

ಕೆಲವರಿಗೆ ಇನ್ನೊಂದು ಶಂಕೆಯಿದೆ: ದೇವರ ಕೋಣೆಗೆ ಹೋಗಬಹುದೇ, ಪಂಕ್ತಿಯಲ್ಲಿ ಕುಳಿತು ಉಣ್ಣಬಹುದೇ ಎಂದು. ಚೀಲದೊಳಗೆ ಇರುವುದು ನಮ್ಮೆಲ್ಲರ ಹೊಟ್ಟೆಯೊಳಗೂ ಇದೆ; ಅವರದು ಚರ್ಮದ ಹೊರಗೆ, ನಮ್ಮದು ಒಳಗೆ ಎಂಬುದಷ್ಟೇ ಭೇದ. ಶುಚಿಯಾಗಿ ಮುಚ್ಚಿದ ಚೀಲದಿಂದ ವಾಸನೆಯೂ ಬರುವುದಿಲ್ಲ. ಇದನ್ನು ತಿಳಿದವರು ಮೈಲಿಗೆಯ ಮಾತನ್ನು ಎತ್ತಲಾರರು.

ಒಂದು ಮನೆಯ ಅನುಭವ

ಆ ಮನೆಯವರ ಸಮ್ಮತಿಯಿಂದ, ಹೆಸರನ್ನು ಹೇಳದೆ ಒಂದು ಸಂಗತಿಯನ್ನು ಬರೆಯುತ್ತೇನೆ. ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಸಣ್ಣ ಕರುಳು ತೂತಾಗಿ ನಡುರಾತ್ರಿಯಲ್ಲಿ ಶಸ್ತ್ರಕ್ರಿಯೆಯಾಯಿತು. ಎಚ್ಚರವಾದಾಗ ಹೊಟ್ಟೆಯ ಮೇಲೆ ಚೀಲವಿತ್ತು. ಮನೆಗೆ ಬಂದ ಮೇಲೆ ಅವರು ಒಳಕೋಣೆಯನ್ನು ಬಿಟ್ಟು ಹೊರಬರಲಿಲ್ಲ. ಚೀಲ ತುಂಬಬಾರದೆಂದು ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿದರು. ನೀರನ್ನೂ ಕಡಿಮೆ ಮಾಡಿದರು. ತಿಂಗಳೊಳಗೆ ನಿಲ್ಲಲಾರದಷ್ಟು ಬಳಲಿದರು. ಹತ್ತನೆಯ ತರಗತಿಯ ಮಗ ಶಾಲೆಗೆ ಬರುವುದು ನಿಂತಿತು. ತಾಯಿ ಬಂದು, “ಮಾಸ್ಟ್ರೇ, ಮಗನ ಹೆಸರು ತೆಗೆದುಬಿಡಿ. ಅವರ ಚೀಲ ಬದಲಿಸಲಿಕ್ಕೆ ಮನೆಯಲ್ಲಿ ಬೇರೆ ಯಾರಿದ್ದಾರೆ?” ಎಂದರು. “ಸ್ವಲ್ಪ ತಾಳಿ ಅಮ್ಮಾ, ಅವರೇ ಬದಲಿಸಿಕೊಳ್ಳುವಂತಾದರೆ ಆಗದೇ?” ಎಂದು ಕೇಳಿದೆನು.

ಆಸ್ಪತ್ರೆಯಲ್ಲಿ ಕೊಟ್ಟ ಸೂಚನೆಯ ಕಾಗದವನ್ನು ತರಿಸಿ ನೋಡಿದರೆ ಅದು ಇಂಗ್ಲಿಷಿನಲ್ಲಿತ್ತು. ಆ ಮನೆಯಲ್ಲಿ ಅದನ್ನು ಸರಿಯಾಗಿ ಓದಬಲ್ಲವರಿರಲಿಲ್ಲ. ನಮ್ಮ ಅಧ್ಯಾಪಕರೊಬ್ಬರು ಅದನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ‘ಉಪ್ಪು ಸಹಿತ ದ್ರವವನ್ನು ಸಾಕಷ್ಟು ಸೇವಿಸಬೇಕು, ಊಟ ಬಿಡಬಾರದು’ ಎಂಬ ಮಾತು ಅದರಲ್ಲಿಯೇ ಇತ್ತು! ಅನಂತರ ದಾದಿಯೊಬ್ಬರು ಕನ್ನಡಿಯ ಮುಂದೆ ನಿಲ್ಲಿಸಿ ಚೀಲ ಬದಲಿಸುವ ಕ್ರಮವನ್ನು ಅವರಿಂದಲೇ ನಾಲ್ಕು ಸಲ ಮಾಡಿಸಿದರು. ಕೈಗೆ ಅಭ್ಯಾಸವಾದಂತೆ ಮನಸ್ಸಿಗೆ ಧೈರ್ಯ ಬಂದಿತು. ಮಗ ಮರಳಿ ಶಾಲೆಗೆ ಬಂದು ಪರೀಕ್ಷೆಯಲ್ಲಿ ತೇರ್ಗಡೆಯಾದನು. ಆ ಮಹನೀಯರು ಈಗ ಚೀಲದೊಂದಿಗೇ ತೋಟದ ಮೇಲ್ವಿಚಾರಣೆಯನ್ನು ನಡೆಸುತ್ತಿದ್ದಾರೆ. ಅವರಿಗೆ ಅಪಾಯ ತಂದುದು ಸ್ಟೋಮಾ ಅಲ್ಲ, ನಾಚಿಕೆ ಮತ್ತು ಓದಲಾಗದ ಒಂದು ಕಾಗದ. ಗಡಿನಾಡಿನ ನಾವು ಚಿಕಿತ್ಸೆಗಾಗಿ ಮಂಗಳೂರಿಗೂ ಹೋಗುತ್ತೇವೆ, ಕಣ್ಣೂರಿಗೂ ಹೋಗುತ್ತೇವೆ. ಕಾಗದಗಳು ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಇರುತ್ತವೆ. ಅಂಥ ಕಾಗದವಿದ್ದರೆ ಶಾಲೆಗೆ ತನ್ನಿ; ಅರ್ಥವನ್ನು ಕನ್ನಡದಲ್ಲಿ ಬರೆದುಕೊಡುವುದು ನಮ್ಮ ಕೆಲಸವೆಂದೇ ತಿಳಿಯುತ್ತೇವೆ.

ವಿದ್ಯಾರ್ಥಿಗಳಿಗೆ

ಸ್ಟೋಮಾವು ದೊಡ್ಡವರಿಗೆ ಮಾತ್ರ ಬರುವಂಥದಲ್ಲ. ನಿಮ್ಮ ಪಕ್ಕದ ಸಹಪಾಠಿಗೂ ಇರಬಹುದು. ಆತನ ಹೊಟ್ಟೆಯಿಂದ ಒಮ್ಮೊಮ್ಮೆ ಸದ್ದು ಬಂದರೆ ನಗಬೇಡಿರಿ. ಅದು ಅವನು ತಡೆಯಬಲ್ಲುದಲ್ಲ. ಅವನಾಗಿ ಹೇಳದ ಹೊರತು ಏನನ್ನೂ ಕೆದಕಬೇಡಿರಿ; ಹೇಳಿದರೆ ಇನ್ನೊಬ್ಬರಿಗೆ ಸಾರಬೇಡಿರಿ. ಇದು ಅಂಟುರೋಗವಲ್ಲ, ಜತೆಯಲ್ಲಿ ಕುಳಿತು ಉಣ್ಣಿರಿ, ಹೊಟ್ಟೆಗೆ ಪೆಟ್ಟು ಬೀಳದಂತಹ ಆಟಗಳಲ್ಲಿ ಜತೆಗೆ ಸೇರಿಸಿಕೊಳ್ಳಿರಿ. ಅಂಥ ಮಗುವಿಗೆ ತರಗತಿಯಿಂದ ಅನುಮತಿ ಕೇಳದೆ ಹೊರಹೋಗಲು ಅವಕಾಶವಿರಬೇಕು. ಅಗುಳಿಯೂ ನೀರೂ ಇರುವ ಶೌಚಗೃಹವೊಂದು ಬೇಕು. ಬದಲಿ ಚೀಲವನ್ನೂ ಉಡುಪನ್ನೂ ಇಟ್ಟುಕೊಳ್ಳಲು ಸ್ಥಳ ಬೇಕು. ಇಷ್ಟನ್ನು ಒದಗಿಸಲಾರದಷ್ಟು ಬಡತನ ಯಾವ ಶಾಲೆಗೂ ಇಲ್ಲ. ಪೋಷಕರು ಮುಖ್ಯೋಪಾಧ್ಯಾಯರಲ್ಲಿ ಗುಟ್ಟಾಗಿ ತಿಳಿಸಿದರೆ ಸಾಕು.

ಮುಂದೇನು?

ತುರ್ತಿನಲ್ಲಿ ಮಾಡಿದ ದ್ವಾರಗಳಲ್ಲಿ ಹಲವು ತಾತ್ಕಾಲಿಕ. ಮೂರರಿಂದ ಆರು ತಿಂಗಳಲ್ಲಿ, ಇಲ್ಲವೆ ಇನ್ನೂ ತಡವಾಗಿ, ಶರೀರ ಪುಷ್ಟವಾದ ಮೇಲೆ ಕರುಳನ್ನು ಮತ್ತೆ ಜೋಡಿಸುತ್ತಾರೆ. ಮಲಾಶಯವನ್ನೇ ತೆಗೆದಿದ್ದರೆ, ಅಥವಾ ಎರಡನೆಯ ಶಸ್ತ್ರಕ್ರಿಯೆಯನ್ನು ತಾಳುವ ಶಕ್ತಿಯಿಲ್ಲದಿದ್ದರೆ ಅದು ಶಾಶ್ವತವಾಗುತ್ತದೆ. ಯಾವುದಾದರೂ ಈ ಲಕ್ಷಣಗಳು ಕಂಡಾಗ ತಡಮಾಡಕೂಡದು: ಸ್ಟೋಮಾವು ಕಪ್ಪು ಅಥವಾ ಕಡುನೇರಳೆ ಬಣ್ಣಕ್ಕೆ ತಿರುಗುವುದು, ಇಲಿಯಾಸ್ಟಮಿಯಿಂದ ನಾಲ್ಕಾರು ಗಂಟೆ ಏನೂ ಬಾರದೆ ನೋವು ವಾಂತಿಗಳಾಗುವುದು, ನಿಲ್ಲದ ರಕ್ತಸ್ರಾವ, ಕರುಳು ಎಂದಿಗಿಂತ ಬಹಳ ಹೊರಕ್ಕೆ ಜಾರುವುದು.

ಕಣ್ಣಿನ ದೋಷಕ್ಕೆ ಕನ್ನಡಕ ಹಾಕಿಕೊಂಡವನನ್ನು ಕಂಡು ಇಂದು ಯಾರೂ ಬೆರಗಾಗುವುದಿಲ್ಲ. ಹೊಟ್ಟೆಯ ಮೇಲಿನ ಚೀಲವೂ ಜೀವವನ್ನು ಉಳಿಸಲು ಬಂದ ಅಂತಹುದೇ ಒಂದು ಸಾಧನ. ಅದನ್ನು ಧರಿಸಿದವರು ಮೃತ್ಯುವಿನ ಬಾಗಿಲಿನಿಂದ ಹಿಂದಿರುಗಿದವರು. ಅವರು ನಿಮ್ಮ ಮನೆಯಲ್ಲಿದ್ದರೆ ನಾಳೆಯ ಊಟಕ್ಕೆ ಅವರ ಎಲೆಯನ್ನೂ ಎಲ್ಲರ ಸಾಲಿನಲ್ಲಿಯೇ ಹಾಕಿರಿ.